ಭಾನುವಾರ ನಿಮ್ಮ ಮನೆಯಲ್ಲಿ ಯಾರಿಗೆ ರಜೆ?

ಹತ್ತು ಆಜ್ಞೆಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ವಿಶ್ರಾಂತಿಯ ಆಜ್ಞೆ. ಕೊಲೆ, ಕಳವು, ವ್ಯಭಿಚಾರಗಳನ್ನು ನಿಷೇಧಿಸಲು ಒಂದೆರಡು ಮಾತು ಸಾಕಾಗಿದೆ. ಏಳನೆಯ ದಿನದ ಬಿಡುವಿಗೆ ಮಾತ್ರ ವಿಮೋಚನಕಾಂಡದ 20ನೇ ಅಧ್ಯಾಯ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ: ಮನೆಯ ಯಜಮಾನ, ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ಊರಲ್ಲಿ ತಂಗಿರುವ ಪರದೇಶಿ. ಇವರಲ್ಲಿ ಯಾರೂ ಆ ದಿನ ದುಡಿಯಕೂಡದು. ಪಟ್ಟಿಯಲ್ಲಿ ಹೆಂಡತಿ ಇಲ್ಲ. ಯಜಮಾನನಿಗೆ ಹೇಳಿದ ಮಾತಿನಲ್ಲೇ ಅವಳೂ ಸೇರಿದ್ದಾಳೆ ಎನ್ನುತ್ತಾರೆ ವ್ಯಾಖ್ಯಾನಕಾರರು. ನಮ್ಮ ಮನೆಗಳು ಮಾತ್ರ ಆ ಪಟ್ಟಿಯನ್ನು ಅಕ್ಷರಶಃ ಓದಿಕೊಂಡಂತಿವೆ.

ಒಂದು ಸಾಮಾನ್ಯ ಭಾನುವಾರ ನೋಡಿ. ಎಲ್ಲರಿಗಿಂತ ಮೊದಲು ಎದ್ದವಳು ಮನೆಯೊಡತಿ. ಮಕ್ಕಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆಗೆ ಇಸ್ತ್ರಿ ಹಾಕಿ ಬಲಿಪೂಜೆಗೆ ಹೊರಡಿಸಬೇಕು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿ, ಗಂಡನಿಗೆ ಪಾಲನಾ ಸಮಿತಿಯ ಸಭೆ, ಅವಳಿಗೆ ಮಾರ್ಕೆಟ್. ವಾರಕ್ಕೊಮ್ಮೆಯ ಕೋಳಿಯೋ ಹಂದಿಮಾಂಸವೋ ಭಾನುವಾರವೇ ಆಗಬೇಕು. ಅದಕ್ಕೆ ಮಸಾಲೆ ಅರೆಯಬೇಕು. ಮಧ್ಯಾಹ್ನಕ್ಕೆ ನಾದಿನಿ ಮನೆಯವರು ಬರುತ್ತಾರೆ. ಉಂಡು ಎಲ್ಲರೂ ಅಡ್ಡಾದಾಗ ಅವಳು ಪಾತ್ರೆ ತಿಕ್ಕುತ್ತಿರುತ್ತಾಳೆ. ಸಂಜೆ ಸ್ತ್ರೀ ಸಂಘದ ಕೂಟ. ಪ್ರೊಟೆಸ್ಟಂಟ್ ಮನೆಯಾದರೆ ಹೆಸರುಗಳು ಬದಲಾಗುತ್ತವೆ: ಆರಾಧನೆ, ಸಂಡೇ ಸ್ಕೂಲ್, ಕ್ವಾಯರ್ ಪ್ರಾಕ್ಟೀಸ್, ಮನೆಪ್ರಾರ್ಥನೆ. ಓಟ ಅದೇ. ಗುರುಗಳ, ಸಭಾಪಾಲಕರ ಪಾಡಂತೂ ಕೇಳುವುದೇ ಬೇಡ.

ವಿಶ್ರಾಂತಿಯ ಕುರಿತ ಪ್ರಸಂಗಗಳು ಸಾಮಾನ್ಯವಾಗಿ ಬಿಡುವು ಮಾಡಿಕೊಳ್ಳಿ, ದೇವರ ಸನ್ನಿಧಿಯಲ್ಲಿ ಸುಮ್ಮನೆ ಕೂರಿ ಎಂಬಲ್ಲಿಗೆ ಮುಗಿಯುತ್ತವೆ. ಕೂತವರ ಕೆಲಸ ಯಾರ ತಲೆಗೆ ಬಂತು ಎಂದು ಕೇಳುವುದಿಲ್ಲ. ಮೋಶೆಯ ಧರ್ಮಶಾಸ್ತ್ರ ಕೇಳುತ್ತದೆ. ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ ಎತ್ತು, ಕತ್ತೆ, ದಾಸಿಯ ಮಗ, ಪರದೇಶಿ ಇವರೆಲ್ಲ ದಣಿವಾರಿಸಿಕೊಳ್ಳಲಿ ಎಂಬುದೇ ಸಬ್ಬತ್ತಿನ ಕಾರಣ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಇನ್ನೊಂದು ಕಾರಣವನ್ನು ಸೇರಿಸುತ್ತದೆ: ಐಗುಪ್ತದಲ್ಲಿ ನೀವೂ ದಾಸರಾಗಿದ್ದಿರಿ, ಮರೆಯಬೇಡಿ. ದಾಸನಿಗೆ ವಾರದ ರಜೆ ಇರುವುದಿಲ್ಲ. ಅಂದ ಮೇಲೆ ವಿಶ್ರಾಂತಿಯ ಯೋಜನೆ ಹಾಕುವವರು ಮೊದಲು ಕೇಳಿಕೊಳ್ಳಬೇಕಾದದ್ದು ನನಗೆ ಬಿಡುವು ಯಾವಾಗ ಎಂದಲ್ಲ, ನನ್ನ ಬಿಡುವಿಗಾಗಿ ದುಡಿಯುತ್ತಿರುವವರು ಯಾರು ಎಂದು. ಈ ಲೇಖನದ ಸಲಹೆಗಳೆಲ್ಲ ಅಲ್ಲಿಂದ ಹೊರಟವು.

ಶನಿವಾರ ಸಂಜೆಯೇ ಶುರು

ಬೈಬಲಿನ ದಿನ ಸೂರ್ಯೋದಯಕ್ಕೆ ಶುರುವಾಗುವುದಿಲ್ಲ, ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರತಿ ದಿನದ ಲೆಕ್ಕವೂ ಸಾಯಂಕಾಲದಿಂದ. ಯೆಹೂದ್ಯರು ಇವತ್ತಿಗೂ ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಸಬ್ಬತ್ತನ್ನು ಬರಮಾಡಿಕೊಳ್ಳುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರೂ ಹಾಗೆಯೇ. ಇದರಲ್ಲೊಂದು ಜಾಣತನವಿದೆ. ವಿಶ್ರಾಂತಿಯ ದಿನ ಊಟ ಮತ್ತು ನಿದ್ದೆಯಿಂದ ತೊಡಗುತ್ತದೆ. ಬೆಳಗಾಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ, ಅದೂ ನೀವು ಏನೂ ಮಾಡದೆ.

ಭಾನುವಾರವನ್ನು ಆಚರಿಸುವ ನಾವೂ ಇದನ್ನು ಎರವಲು ಪಡೆಯಬಹುದು. ಶನಿವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ಎಂದು ಗೊತ್ತುಮಾಡಿಕೊಂಡರೆ ಭಾನುವಾರ ರಾತ್ರಿ ಸೋಮವಾರದ ಟಿಫಿನ್ ಬಾಕ್ಸು, ಶಾಲೆಯ ಚೀಲ, ಆಫೀಸಿನ ಮೇಲ್ ನೋಡಿಕೊಳ್ಳುವುದಕ್ಕೆ ಸಮಯವೂ ಸಿಗುತ್ತದೆ, ಮನಸ್ಸಿನಲ್ಲಿ ಅಳುಕೂ ಇರುವುದಿಲ್ಲ.

ಇದು ನಡೆಯಬೇಕಾದರೆ ಸಿದ್ಧತೆ ಬೇಕು. ಮರುಭೂಮಿಯಲ್ಲಿ ಮನ್ನಾ ಸುರಿದ ಕಥೆಯಲ್ಲಿ ಆರನೆಯ ದಿನ ಎರಡು ಪಾಲು ಕೂಡಿಸಿಡುವ ಅಪ್ಪಣೆ ಇತ್ತಲ್ಲ, ಅದನ್ನು ನಮ್ಮ ಅಡುಗೆಮನೆಗೆ ಅನ್ವಯಿಸಿ. ಭಾನುವಾರದ ಸಾರು ಶನಿವಾರವೇ ಆಗಲಿ. ಮೀನುಸಾರಂತೂ ಮಾರನೆಯ ದಿನಕ್ಕೇ ಹೆಚ್ಚು ರುಚಿ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಸಾಲೆ ಅರೆದಿಡುವುದು, ಬಟ್ಟೆ ತೆಗೆದಿಡುವುದು, ಶೂ ಒರೆಸುವುದು ಶನಿವಾರದ ಕೆಲಸಗಳು. ಕೊನೆಯ ಎರಡನ್ನು ಎಂಟು ವರ್ಷದ ಮಗುವೂ ಮಾಡಬಲ್ಲದು. ಭಾನುವಾರ ಒಂದೇ ಸಾರು, ಅನ್ನ, ಮೊಸರು. ನೆಂಟರು ಬರುವುದಿದ್ದರೆ ಬರಲಿ, ಅವರೂ ಒಂದು ಪಾತ್ರೆ ತರಲಿ. ಹೀಗೆ ಹೇಳಲು ಮೊದಲ ಸಲ ಸಂಕೋಚವಾಗುತ್ತದೆ. ನಾಲ್ಕನೆಯ ಸಲಕ್ಕೆ ಅದೇ ರೂಢಿಯಾಗುತ್ತದೆ.

ಪಾತ್ರೆ ಯಾರು ತೊಳೆಯಬೇಕು? ವಾರದ ಉಳಿದ ದಿನ ತೊಳೆಯದವರು. ಇದಕ್ಕೆ ದೊಡ್ಡ ದೇವಶಾಸ್ತ್ರವೇನೂ ಬೇಕಿಲ್ಲ.

ಮನೆಗೆಲಸದವರಿದ್ದರೆ ಅವರಿಗೆ ಭಾನುವಾರ ಸಂಬಳ ಕಡಿಯದೆ ರಜೆ ಕೊಡಿ. ಅವರು ಬೇರೆ ಧರ್ಮದವರಾದರೆ ಅವರಿಗೆ ಒಪ್ಪುವ ದಿನ ಕೇಳಿ. ಅಡುಗೆಯ ತಾಪತ್ರಯ ತಪ್ಪಿಸಲು ಮೊಬೈಲಿನಲ್ಲಿ ಬಿರಿಯಾನಿ ತರಿಸುವವರಿದ್ದಾರೆ. ನಾನು ಅದನ್ನು ಪಾಪವೆನ್ನಲಾರೆ. ಆದರೆ ಬಿಸಿಲಲ್ಲಿ ಬೈಕಿನಲ್ಲಿ ಬರುವ ಹುಡುಗನೂ ಆ ಹಳೆಯ ಪಟ್ಟಿಯಲ್ಲಿರುವ ಪರದೇಶಿಯೇ ಅಲ್ಲವೇ ಎಂಬ ಸಂಶಯ ಬಿಡುವುದಿಲ್ಲ. ತೀರಾ ಕೈಸಾಗದ ದಿನ ಗಂಜಿ, ಉಪ್ಪಿನಕಾಯಿ ಸಾಕು ಎಂಬುದು ನನ್ನ ಪಕ್ಷ.

ಹೊಸದಾಗಿ ತೊಡಗುವವರು ಇಪ್ಪತ್ತನಾಲ್ಕು ಗಂಟೆಗೆ ಕೈಹಾಕಬೇಡಿ. ಪೂಜೆ ಅಥವಾ ಆರಾಧನೆ ಮುಗಿದಲ್ಲಿಂದ ಸಂಜೆ ನಾಲ್ಕರವರೆಗೆ, ಅಷ್ಟೇ. ಆ ಹೊತ್ತಿನಲ್ಲಿ ಮನೆಯ ಮೊಬೈಲುಗಳೆಲ್ಲ ಒಂದು ಡಬ್ಬಿಯಲ್ಲಿರಲಿ, ತುರ್ತಿಗೆ ಒಂದು ಮಾತ್ರ ಹೊರಗಿರಲಿ. ಮತ್ತೇನು ಮಾಡುವುದು? ಮಲಗಿ. ಅಜ್ಜಿಯ ಹತ್ತಿರ ಕೂತು ಅವರ ಕಾಲದ ಇಗರ್ಜಿ ಹಬ್ಬದ ಕಥೆ ಕೇಳಿ. ಕೇರಂ ಆಡಿ. ಹೊಲದ ಬದುವಿನಲ್ಲೋ ಸಮುದ್ರದ ದಂಡೆಯಲ್ಲೋ ನಡೆಯಿರಿ. ಮಾಲ್ ಬೇಡ ಎಂದು ನಾನು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಆದರೆ ಹೋಗಿ ಬಂದ ಮೇಲೆ ದಣಿವು ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಕೇಳಿಕೊಳ್ಳಿ.

ಭಾನುವಾರ ಡ್ಯೂಟಿ ಇರುವವರು

ಭಾನುವಾರದ ರಜೆ ತಾನಾಗಿ ಬಂದದ್ದಲ್ಲ. ಮೊದಲ ಮೂರು ಶತಮಾನಗಳ ಕ್ರೈಸ್ತರಿಗೆ ಅದು ಕೆಲಸದ ದಿನವೇ ಆಗಿತ್ತು. ನಸುಕಿನಲ್ಲಿ ಕೂಡಿ ಪ್ರಾರ್ಥಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕ್ರಿ.ಶ. 321ರ ಮಾರ್ಚ್‌ನಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನಗರಗಳ ನ್ಯಾಯಾಲಯ, ಕಾರ್ಯಾಗಾರಗಳಿಗೆ ಆ ದಿನ ಬಿಡುವು ಕೊಡಿಸಿದ. ಹದ ಮೀರಬಾರದೆಂದು ಬೇಸಾಯಗಾರರಿಗೆ ಮಾತ್ರ ದುಡಿಯುವ ಅನುಮತಿ ಇತ್ತು. ನಮ್ಮ ದೇಶದಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರ ಜೂನ್ 10ರಂದು. ಅದಕ್ಕಾಗಿ ಹೋರಾಡಿದವರು ಪಾದ್ರಿಗಳಲ್ಲ, ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ. ಮುಂದೆ 1948ರ ಕಾರ್ಖಾನೆಗಳ ಕಾಯ್ದೆ, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ರಜೆಯನ್ನು ಹಕ್ಕಾಗಿಸಿದವು. ಅಡುಗೆಮನೆಗೆ ಇನ್ನೂ ಯಾವ ಕಾಯ್ದೆಯೂ ಬಂದಿಲ್ಲ.

ಹಾಗಾಗಿ ನರ್ಸ್, ಪೊಲೀಸ್, ಬಸ್ ಚಾಲಕ, ಹೋಟೆಲಿನವರು, ರಾತ್ರಿ ಪಾಳಿಯ ಐಟಿ ಹುಡುಗಿ ಇವರು ತಮ್ಮನ್ನು ಅರೆಬರೆ ಕ್ರೈಸ್ತರೆಂದು ಭಾವಿಸಬೇಕಿಲ್ಲ. ನಿಮ್ಮ ವಾರದ ರಜೆ ಬುಧವಾರವಾದರೆ ಬುಧವಾರವೇ ನಿಮ್ಮ ವಿಶ್ರಾಂತಿಯ ದಿನ. ಕಥೋಲಿಕರಿಗೆ ಹಿಂದಿನ ದಿನ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಂದಂತೆ; ಧರ್ಮಸಭೆಯ ಕಾನೂನಿನ 1248ನೇ ವಿಧಿಯಲ್ಲೇ ಇದಕ್ಕೆ ಅವಕಾಶವಿದೆ. ಪಾಳಿ ಬದಲಾಗುತ್ತಿರುವವರು ತಿಂಗಳ ಪಟ್ಟಿ ಕೈಗೆ ಬಂದ ದಿನವೇ ಬಿಡುವಿನ ದಿನಗಳಿಗೆ ಸುತ್ತು ಹಾಕಿ ಮನೆಯ ಗೋಡೆಗೆ ಅಂಟಿಸಲಿ. ಆ ದಿನಕ್ಕೆ ಬ್ಯಾಂಕಿನ ಕೆಲಸ, ಗ್ಯಾಸಿನ ಕೆಲಸ, ಮದುವೆಯ ಜವಳಿ ಖರೀದಿ ಎಲ್ಲವನ್ನೂ ತುರುಕುವುದು ನಮ್ಮವರ ಹಳೇ ಚಾಳಿ. ಅವಕ್ಕೆ ಬೇರೆ ಸಂಜೆಗಳಿವೆ.

ಎಲೀಯನಿಗೆ ದೇವದೂತ ತಂದದ್ದೇನು?

ತುಂಬ ದಣಿದವರಿಗೆ ನಮ್ಮ ಸಭೆಗಳಲ್ಲಿ ಸಿಗುವ ಮೊದಲ ಔಷಧ ಇನ್ನಷ್ಟು ಪ್ರಾರ್ಥನೆ, ಮೂರು ದಿನದ ಉಪವಾಸ, ಒಂದು ಇಡೀ ರಾತ್ರಿಯ ಜಾಗರಣೆ. ಒಂದನೇ ಅರಸುಗಳ 19ನೇ ಅಧ್ಯಾಯ ಬೇರೆ ದಾರಿ ಹಿಡಿಯುತ್ತದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ ಅದರ ಬೆನ್ನಲ್ಲೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ, ಮರುಭೂಮಿಯ ಒಂದು ಗಿಡದ ಕೆಳಗೆ ಕುಸಿದು ಸಾವನ್ನು ಬೇಡಿದ. ಬಂದ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ತಂದಿಟ್ಟ. ತಿಂದವನು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಈ ಅನುಕ್ರಮವನ್ನು ಯಾರೂ ತಲೆಕೆಳಗು ಮಾಡಬೇಡಿ. ಮೊದಲು ನಿದ್ದೆ, ಊಟ. ಆಮೇಲೆ ಪ್ರಾರ್ಥನೆ. ಒಂದು ವಾರವಾದರೂ ನಿಗದಿತ ಹೊತ್ತಿಗೆ ಮಲಗಿ, ಹೊಟ್ಟೆ ತುಂಬ ಉಂಡು, ಆಮೇಲೆ ನಿಮ್ಮ ವಿಶ್ವಾಸ ಕುಂದಿದೆಯೋ ಇಲ್ಲವೋ ಎಂದು ನೋಡಿಕೊಳ್ಳಿ. ದೋಣಿ ಮುಳುಗುವಂಥ ಬಿರುಗಾಳಿಯಲ್ಲೂ ಯೇಸು ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದರೆಂದು ಮಾರ್ಕನೇ ಬರೆದಿದ್ದಾನೆ. ಪ್ರಾರ್ಥನೆಯ ನಡುವೆ ತೂಕಡಿಸಿದ್ದಕ್ಕೆ ಅಪರಾಧಿ ಭಾವ ಹೊತ್ತು ತಿರುಗುವವರು ಆ ದಿಂಬನ್ನು ನೆನೆಯಲಿ.

ಒಂದು ಎಚ್ಚರಿಕೆಯೂ ಬೇಕು. ಎರಡು ವಾರ ದಾಟಿದರೂ ಬೇಸರ ಕಳೆಯದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಅದು ರಜೆಯಿಂದ ಸರಿಹೋಗುವ ದಣಿವಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವವನಿಗೆ ವಿಶ್ವಾಸ ಸಾಲದು ಎನ್ನುವ ಬೋಧಕರಿಂದ ದೂರವಿರಿ.

ದಿನಕ್ಕೆ ಇಷ್ಟು ಸಾಕು

ದಿನದ ಬಿಡುವಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಸುಕಿನಲ್ಲೆದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುವುದು ಯೇಸುವಿನ ರೂಢಿ. ಬೆಳಗಿನ ಹಾಲು, ಪೇಪರ್ ಹಾಕುವ ಮನೆಯವರಿಗೆ, ಕೂಸು ಇರುವ ತಾಯಿಗೆ ಅದು ಆಗದು. ಆಕೆಗೆ ಮಗು ಮಲಗಿದ ಮಧ್ಯಾಹ್ನದ ಇಪ್ಪತ್ತು ನಿಮಿಷವೇ ಬೆಳಗಿನ ಜಾವ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠವಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ ಪ್ರಾರ್ಥನೆ, ಓದು, ಕೈಕೆಲಸ ಎಂದು ದಿನವನ್ನು ಹಂಚಿದ್ದಾನೆ. ಜತೆಗೆ ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನದ ಊಟದ ನಂತರ ಮಾತಿಲ್ಲದೆ ಮಲಗಲು ಹೊತ್ತು ಗೊತ್ತುಮಾಡಿದ್ದಾನೆ. ಓದಬೇಕೆನ್ನುವವನು ಪಕ್ಕದವನ ನಿದ್ದೆ ಕೆಡಿಸದಂತೆ ಓದಲಿ ಎಂದೂ ಸೇರಿಸಿದ್ದಾನೆ. ಎಂಥ ವ್ಯವಹಾರಜ್ಞಾನಿ!

ರಾತ್ರಿ ಮಲಗುವ ಮುಂಚೆ ಮಾಡಬಹುದಾದ ಒಂದು ಅಭ್ಯಾಸ ಸಂತ ಇಗ್ನೇಷಿಯಸ್ ಲೊಯೋಲನಿಂದ ಬಂದದ್ದು. ಹತ್ತು ನಿಮಿಷ ಸಾಕು. ದೇವರ ಸನ್ನಿಧಿಯನ್ನು ನೆನೆದು, ಇವತ್ತು ಸಿಕ್ಕಿದ್ದಕ್ಕೆಲ್ಲ ಕೃತಜ್ಞತೆ ಹೇಳಿ, ಬೆಳಗಿನಿಂದ ರಾತ್ರಿವರೆಗೆ ದಿನವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನಡೆದು ಬನ್ನಿ. ಎಲ್ಲಿ ಜೀವ ತುಂಬಿತು, ಎಲ್ಲಿ ಬತ್ತಿತು ಎಂದು ಗಮನಿಸಿ. ತಪ್ಪಿದ್ದಲ್ಲಿ ಕ್ಷಮೆ ಕೇಳಿ, ನಾಳೆಯನ್ನು ಒಪ್ಪಿಸಿ ಮಲಗಿ. ಕುಟುಂಬದ ಜಪಸರವನ್ನೋ ಸಂಜೆಯ ಸತ್ಯವೇದ ಪಠಣವನ್ನೋ ಟಿವಿ ಸೀರಿಯಲ್ಲಿನ ಎರಡು ಜಾಹೀರಾತುಗಳ ನಡುವೆ ಓಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ವರ್ಷಕ್ಕೊಮ್ಮೆ ಊರು ಬಿಟ್ಟು

ಶಿಷ್ಯರು ಸುತ್ತಾಟದ ಸೇವೆ ಮುಗಿಸಿ ಬಂದಾಗ ಉಣ್ಣಲೂ ಪುರಸೊತ್ತಿಲ್ಲದಷ್ಟು ಜನ ಮುತ್ತಿಕೊಂಡಿದ್ದರು. ಯೇಸು ಅವರನ್ನು ನಿರ್ಜನ ಸ್ಥಳಕ್ಕೆ ಕರೆದೊಯ್ದು ದಣಿವಾರಿಸಿಕೊಳ್ಳಲು ಹೇಳಿದ ಪ್ರಸಂಗ ಮಾರ್ಕನ 6ನೇ ಅಧ್ಯಾಯದಲ್ಲಿದೆ. ಕ್ರೈಸ್ತರ ರಿಟ್ರೀಟ್ ಪದ್ಧತಿಗೆ ಬೇರು ಅಲ್ಲಿದೆ. ಆ ಕಥೆಯಲ್ಲಿ ಜನ ದಡದಗುಂಟ ಓಡಿ ಅವರಿಗಿಂತ ಮುಂಚೆಯೇ ಆ ಸ್ಥಳಕ್ಕೆ ತಲುಪಿಬಿಟ್ಟರು ಎಂಬುದನ್ನೂ ಮರೆಯಬಾರದು. ಯೋಜನೆ ಕೆಡುತ್ತದೆ. ಅವರಿಗೇ ಕೆಟ್ಟಿತು.

ರಿಟ್ರೀಟ್‌ಗೆ ವ್ಯವಸ್ಥಿತ ರೂಪ ಕೊಟ್ಟವನು ಇಗ್ನೇಷಿಯಸ್. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದವನು ಅವನು. ಆ ಬಲವಂತದ ಬಿಡುವಿನಲ್ಲೇ ಅವನ ಬದುಕು ತಿರುಗಿತು. ಮಾರನೆಯ ವರ್ಷ ಮನ್ರೇಸಾದಲ್ಲಿ ತಂಗಿದ್ದಾಗ ಬರೆಯತೊಡಗಿದ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥಕ್ಕೆ 1548ರಲ್ಲಿ ಪೋಪ್ ಮೂರನೆಯ ಪೌಲ್ ಮನ್ನಣೆ ಕೊಟ್ಟರು. ಅದರ ಪೂರ್ಣ ಅವಧಿ ಮೂವತ್ತು ದಿನ, ಮೌನದಲ್ಲಿ, ಮಾರ್ಗದರ್ಶಕರೊಬ್ಬರ ಜತೆ. ಎಂಟು ದಿನದ, ಮೂರು ದಿನದ ರೂಪಗಳೂ ಬಳಕೆಯಲ್ಲಿವೆ.

ಭಾರತದ ಪ್ರೊಟೆಸ್ಟಂಟರಲ್ಲಿ ಈ ದಾರಿ ತೆರೆದವರಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನರಿ ಇ. ಸ್ಟ್ಯಾನ್ಲಿ ಜೋನ್ಸ್ ಮುಖ್ಯರು. 1907ರಲ್ಲಿ ಲಖನೌಗೆ ಬಂದವರು ಎಂಟು ವರ್ಷ ದಾಟುವಷ್ಟರಲ್ಲಿ ದುಡಿದು ದುಡಿದು ಕುಸಿದರು. ರಜೆಯ ಮೇಲೆ ಸ್ವದೇಶಕ್ಕೆ ಹೋಗಿ ಬಂದರೂ ಮತ್ತೆ ಕುಸಿದರು. ಕೊನೆಗೆ ಲಖನೌದ ಒಂದು ಪ್ರಾರ್ಥನಾಲಯದಲ್ಲಿ ತನ್ನ ಬಲದ ಮೇಲಿನ ಭರವಸೆ ಬಿಟ್ಟುಕೊಟ್ಟ ಮೇಲೆ ಚೇತರಿಸಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. 1930ರಲ್ಲಿ ನೈನಿತಾಲ್ ಹತ್ತಿರದ ಸಾತ್‌ತಾಲ್‌ನಲ್ಲಿ ಅವರು ಆಶ್ರಮವೊಂದನ್ನು ತೆರೆದರು. ಮಿಷನರಿಗಳು ಬೇಸಿಗೆಗೆ ಬೆಟ್ಟ ಹತ್ತುವುದು ಹೊಸದಲ್ಲ. ಮಧುರೆಯ ಅಮೆರಿಕನ್ ಮಿಷನ್ನಿನವರು ಜ್ವರ, ಸೆಕೆ ತಾಳಲಾರದೆ 1845ರಲ್ಲೇ ಕೊಡೈಕೆನಾಲಿನಲ್ಲಿ ಮನೆ ಕಟ್ಟಿದ್ದರು. ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದವರು ದೊರೆಗಳು, ಸಾಮಾನು ಹೊತ್ತು ಬೆಟ್ಟ ಹತ್ತುತ್ತಿದ್ದವರು ಕೂಲಿಗಳು.

ಸಾತ್‌ತಾಲ್ ಬೇರೆಯಾದದ್ದು ಇಲ್ಲೇ. ವಾರದಲ್ಲಿ ಒಂದು ದಿನ ಆಶ್ರಮದ ಕೆಲಸದವರಿಗೆಲ್ಲ ರಜೆ, ಪಾಯಿಖಾನೆ ತೊಳೆಯುವ ಜಾಡಮಾಲಿಗೂ ಕೂಡ. ಅವತ್ತು ಅವರ ಕೆಲಸವನ್ನು ಆಶ್ರಮವಾಸಿಗಳೇ ಹಂಚಿಕೊಳ್ಳಬೇಕು. ಬ್ರಾಹ್ಮಣ ಮನೆತನದಿಂದ ಕ್ರೈಸ್ತರಾಗಿ ಬಂದಿದ್ದ ಒಬ್ಬರು ಆ ಕೆಲಸಕ್ಕೆ ಮಾತ್ರ ಹಿಂದೇಟು ಹಾಕುತ್ತಿದ್ದರಂತೆ. ನಿಮ್ಮ ಸರದಿ ಯಾವಾಗ ಎಂದು ಜೋನ್ಸ್ ಕೇಳಿದ್ದಕ್ಕೆ, ಮತಾಂತರವಾದದ್ದು ನಿಜ, ಆದರೆ ಅಷ್ಟು ದೂರ ಆಗಿಲ್ಲ ಎಂಬರ್ಥದ ಉತ್ತರ ಬಂತಂತೆ. ಜೋನ್ಸ್ ಈ ಕಥೆಯನ್ನು ನಗುತ್ತ ಹೇಳುತ್ತಿದ್ದಿರಬೇಕು. ನಮಗೆ ಅದು ನಗುವ ಕಥೆಯಾಗಿ ಉಳಿದಿಲ್ಲ. ಧ್ಯಾನಕೂಟ ಮುಗಿಸಿ ಹೊಸ ಚೈತನ್ಯದಿಂದ ಮನೆಗೆ ಮರಳಿದವರಲ್ಲಿ ಎಷ್ಟು ಮಂದಿ ತಮ್ಮ ತಟ್ಟೆಯನ್ನು ತಾವೇ ತೊಳೆಯಲು ಶುರುಮಾಡಿದ್ದಾರೆ?

ನಮ್ಮ ಕಡೆ ಎಲ್ಲಿಗೆ ಹೋಗಬಹುದು? ಮಂಗಳೂರಿನ ಜೆಪ್ಪುವಿನಲ್ಲಿ ಯೇಸುಸಭೆಯವರ ಫಾತಿಮಾ ರಿಟ್ರೀಟ್ ಹೌಸ್ ಇದೆ. ಮೂಲ್ಕಿಯಲ್ಲಿ ಡಿವೈನ್ ಕಾಲ್ ಸೆಂಟರ್. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಬಳಿ ಬೆನೆಡಿಕ್ಟನ ಪರಂಪರೆಯ ಅಸೀರ್ವನಂ ಮಠ. ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಡಿ.ಎಸ್. ಅಮಲೋರ್ಪವದಾಸ್ ಸ್ಥಾಪಿಸಿದ ಅಂಜಲಿ ಆಶ್ರಮ. ಭಾರತೀಯ ಧ್ಯಾನಪದ್ಧತಿಯನ್ನು ಕ್ರೈಸ್ತ ಪ್ರಾರ್ಥನೆಯೊಡನೆ ಬೆಸೆದ ಜಾಗ ಅದು. ವೈಟ್‌ಫೀಲ್ಡಿನ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಎಲ್ಲ ಸಭೆಗಳವರಿಗೂ ಪರಿಚಿತ. ಕೇರಳದ ಮುರಿಂಗೂರಿನ ಡಿವೈನ್ ರಿಟ್ರೀಟ್ ಸೆಂಟರಿಗೆ ಕನ್ನಡದವರೂ ಹೋಗುತ್ತಾರೆ.

ಹೋಗುವ ಮುಂಚೆ ಫೋನಿನಲ್ಲಿ ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಿ: ಅದು ಮೌನದ ರಿಟ್ರೀಟೋ, ಪ್ರಸಂಗದ ರಿಟ್ರೀಟೋ? ಬೆಳಗಿನಿಂದ ರಾತ್ರಿಯವರೆಗೆ ಧ್ವನಿವರ್ಧಕದಲ್ಲಿ ಬೋಧನೆ, ಸ್ತುತಿಗೀತೆ, ಸಾಕ್ಷಿ ನಡೆಯುವ ಕೂಟಗಳು ಹಲವರ ಬದುಕನ್ನು ಎತ್ತಿ ನಿಲ್ಲಿಸಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಶ್ರಾಂತಿಗೆಂದು ಹೋಗುವವರಿಗೆ ಅದು ಸರಿಯಾದ ಜಾಗವಲ್ಲ. ನಿಮಗೆ ಬೇಕಾದದ್ದು ಮೌನ ಎಂದಾದರೆ ಹಾಗೆಂದೇ ಕೇಳಿ. ಒಂಟಿ ಕೋಣೆ ಸಿಗುತ್ತದೆಯೇ, ದಿನಕ್ಕೊಮ್ಮೆ ಮಾತಾಡಲು ಮಾರ್ಗದರ್ಶಕರು ಸಿಗುತ್ತಾರೆಯೇ, ಸಕ್ಕರೆ ಕಾಯಿಲೆಯವರಿಗೆ ಊಟದ ಏರ್ಪಾಡೇನು, ಖರ್ಚು ಎಷ್ಟು ಎಂದೂ ಕೇಳಿ. ಅನೇಕ ಕಡೆ ನಿಗದಿತ ಶುಲ್ಕಕ್ಕಿಂತ ಕಾಣಿಕೆಯ ಪದ್ಧತಿ ಇರುವುದರಿಂದ, ಕೈಯಲ್ಲಿ ದುಡ್ಡಿಲ್ಲದವರು ಸುಮ್ಮನಾಗದೆ ವಿಚಾರಿಸಬೇಕು.

ಚೀಲದಲ್ಲಿ ಬೈಬಲ್, ಒಂದು ನೋಟ್ ಪುಸ್ತಕ, ನಡೆಯಲು ಚಪ್ಪಲಿ ಇದ್ದರೆ ಆಯಿತು. ಓದಲು ಐದು ಪುಸ್ತಕ ಒಯ್ಯಬೇಡಿ. ಅದು ಆಫೀಸಿನ ಇನ್ನೊಂದು ರೂಪ. ಮೊದಲ ದಿನ ಬರೀ ನಿದ್ದೆ ಬರುತ್ತದೆ, ಬರಲಿ. ಎರಡನೆಯ ದಿನ ಬೇಸರವಾಗುತ್ತದೆ, ಮನೆಯ ಚಿಂತೆ ಹತ್ತುತ್ತದೆ, ಬಸ್ಸಿನ ವೇಳೆ ನೋಡತೊಡಗುತ್ತೀರಿ. ನಿಲ್ಲಿ. ಮನಸ್ಸು ಬರಡಾಗಿರುವ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಇಗ್ನೇಷಿಯಸ್‌ನ ಪ್ರಸಿದ್ಧ ಸೂತ್ರಗಳಲ್ಲೊಂದು. ಕೆಲಸ ಬಿಡುವ, ಸಂಬಂಧ ಕಡಿಯುವ ತೀರ್ಮಾನಗಳಿಗೂ ಅದನ್ನೇ ಅನ್ವಯಿಸಿ. ಮರಳುವಾಗ ಹತ್ತು ಸಂಕಲ್ಪ ಹೊತ್ತು ಬರಬೇಡಿ, ಒಂದೇ ಒಂದು ತನ್ನಿ. ಮಾರನೆಯ ದಿನವೂ ರಜೆ ಇರುವಂತೆ ನೋಡಿಕೊಂಡರೆ ಒಳ್ಳೆಯದು.

ಎಲ್ಲರಿಗೂ ಹೋಗಲು ಆಗುವುದಿಲ್ಲ, ಮುಖ್ಯವಾಗಿ ಚಿಕ್ಕ ಮಕ್ಕಳ ತಾಯಂದಿರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ. ಅವರಿಗೆ ಪುಸ್ತಕದ ಸಲಹೆ ಬೇಡ, ಆಳು ಬೇಕು. ಒಂದೇ ಧರ್ಮಕೇಂದ್ರದ ಎರಡು ಕುಟುಂಬಗಳು ಮಾತಾಡಿಕೊಂಡು ತಿಂಗಳಿಗೊಂದು ಶನಿವಾರ ಪರಸ್ಪರರ ಮಕ್ಕಳನ್ನು ನೋಡಿಕೊಳ್ಳಬಹುದು. ಸಭೆಯ ಯುವಜನರು ರೋಗಿಯ ಬಳಿ ಅರ್ಧ ದಿನ ಕೂತು ಮನೆಯವರನ್ನು ಹೊರಗೆ ಕಳಿಸಬಹುದು. ಖಾಲಿ ದೇವಾಲಯದ ಹಿಂದಿನ ಬೆಂಚು, ಊರಾಚೆಯ ಗುಡ್ಡ, ಹಿರಿಯರ ಸಮಾಧಿ ಇರುವ ಅಂಗಳ, ಮೂರು ಗಂಟೆಯ ಹೊತ್ತಿಗೆ ಇವು ಸಾಕು.

ಗುರುಗಳಿಗೂ, ಸಭಾಪಾಲಕರಿಗೂ ರಜೆ

ವಿಶ್ರಾಂತಿ ಬೋಧಿಸುವವರೇ ವಿಶ್ರಾಂತಿ ಪಡೆಯದಿದ್ದರೆ ಯಾರೂ ನಂಬುವುದಿಲ್ಲ. ಕಥೋಲಿಕ ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಉದಾರವಾಗಿಯೇ ಇದೆ. 533ನೇ ವಿಧಿಯ ಪ್ರಕಾರ ಧರ್ಮಕೇಂದ್ರದ ಗುರುಗಳು ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಹೋಗಬಹುದು. ವಾರ್ಷಿಕ ರಿಟ್ರೀಟಿನ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಕಾಗದದ ಮೇಲೆ ಇರುವುದು ಕಾರ್ಯರೂಪಕ್ಕೆ ಬರಬೇಕಷ್ಟೆ. ಊರ ಹಬ್ಬ, ಮದುವೆ, ಶಾಲೆಯ ಆಡಳಿತ, ಕಟ್ಟಡದ ಚಂದಾ ಇವುಗಳ ನಡುವೆ ಎಷ್ಟೋ ಗುರುಗಳಿಗೆ ವಾರದಲ್ಲಿ ಒಂದು ಪೂರ್ತಿ ದಿನವೂ ಸಿಗುವುದಿಲ್ಲ. ಸಭಾಪಾಲಕರ ಕಥೆ ಇನ್ನೂ ಕಷ್ಟ, ಏಕೆಂದರೆ ಅವರ ಜತೆ ಅವರ ಹೆಂಡತಿಯೂ ಸಂಬಳವಿಲ್ಲದೆ ಸಭೆಗೆ ದುಡಿಯುತ್ತಿರುತ್ತಾರೆ.

ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತ ಕೂತಿದ್ದ ಮೋಶೆಯನ್ನು ಕಂಡು ಮಾವ ಇತ್ರೋ, ಹೀಗಾದರೆ ನೀನೂ ಸವೆಯುತ್ತೀ, ಜನರೂ ಸವೆಯುತ್ತಾರೆ ಎಂಬಂತೆ ಎಚ್ಚರಿಸಿ ಕೆಲಸ ಹಂಚಲು ಹೇಳಿದ. ಮಾವನ ಮಾತನ್ನು ಅಳಿಯ ಕೇಳಿದ ಅಪರೂಪದ ದಾಖಲೆ ಅದು. ನಮ್ಮ ಪಾಲನಾ ಸಮಿತಿಗಳೂ ಪ್ಯಾಸ್ಟೋರೇಟ್ ಕಮಿಟಿಗಳೂ ಆ ಮಾವನ ಜಾಗದಲ್ಲಿ ನಿಲ್ಲಬೇಕು. ಗುರುಗಳು ತಾವಾಗಿ ರಜೆ ಕೇಳುವುದಿಲ್ಲ. ಕೇಳಿದರೆ ಸೋಮಾರಿ ಎಂದಾರೆಂಬ ಭಯ. ಆದ್ದರಿಂದ ಸಮಿತಿಯೇ ಮುಂದಾಗಿ ವಾರದ ಒಂದು ದಿನವನ್ನು, ಸಾಮಾನ್ಯವಾಗಿ ಸೋಮವಾರವನ್ನು, ಸೂಚನಾ ಫಲಕದಲ್ಲಿ ಬರೆಸಲಿ. ಸಾವು, ಮರಣಾವಸ್ಥೆ ಬಿಟ್ಟು ಬೇರಾವುದಕ್ಕೂ ಅವತ್ತು ಬಾಗಿಲು ಬಡಿಯುವಂತಿಲ್ಲ. ಸರ್ಟಿಫಿಕೇಟಿಗೆ ಸಹಿ ಮಂಗಳವಾರ ಹಾಕಿದರೂ ಆಗುತ್ತದೆ.

ಕೂಟಗಳ ಸಂಖ್ಯೆಯನ್ನೂ ಒಮ್ಮೆ ಎಣಿಸಿ. ನಾಲ್ಕು ಸಂಘ, ಎರಡು ಗಾಯನ ಮಂಡಳಿ, ಹಬ್ಬದ ಸಮಿತಿ, ಅದರ ಉಪಸಮಿತಿ, ಎಲ್ಲದರಲ್ಲೂ ಅದೇ ಎಂಟು ಮುಖಗಳು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಹೊಣೆ ಬೇಡ ಎಂಬ ನಿಯಮ ತಂದರೆ ಕೆಲವು ಕೂಟಗಳು ನಿಂತೇ ಹೋಗಬಹುದು. ನಿಂತರೆ ನಿಲ್ಲಲಿ, ನಿಂತದ್ದನ್ನು ಆರು ತಿಂಗಳಾದರೂ ಯಾರೂ ಕೇಳದಿದ್ದರೆ ಅದು ಬೇಡದ್ದೇ ಆಗಿತ್ತು.

ಈ ಲೇಖನ ಓದಿದವರಲ್ಲಿ ಸಮಿತಿಯ ಸದಸ್ಯರು ಇದ್ದೇ ಇರುತ್ತೀರಿ. ಮುಂದಿನ ಸಭೆಯ ಕಾರ್ಯಸೂಚಿಗೆ ಎರಡು ಅಂಶ ಸೇರಿಸಿ: ತಿಂಗಳಲ್ಲಿ ಒಂದು ಭಾನುವಾರ ಪೂಜೆ ಅಥವಾ ಆರಾಧನೆ ಬಿಟ್ಟು ಬೇರೆ ಯಾವ ಕೂಟವೂ ಇಲ್ಲ, ನಿಮ್ಮ ಗುರುಗಳು, ಸಭಾಪಾಲಕರು, ದೇವಾಲಯ ಗುಡಿಸುವವರು ಮತ್ತು ಗಂಟೆ ಹೊಡೆಯುವವರು ಈ ವರ್ಷ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ರಜೆಯಲ್ಲಿರುತ್ತಾರೆ. ಆ ದಿನಗಳಲ್ಲಿ ಪೊರಕೆ ಹಿಡಿಯುವವರ ಹೆಸರುಗಳನ್ನೂ ಅದೇ ಸಭೆಯಲ್ಲಿ ಬರೆದುಕೊಳ್ಳಿ, ಅಧ್ಯಕ್ಷರ ಹೆಸರು ಮೊದಲಿರಲಿ.